ದೋಷ ಪತ್ತೆಯ ವಿವರವೂ ಸರಕಿನ ಭಾಗವೇ

ವಿದ್ಯುನ್ಮಾನ ಸಂಗೀತವಾದ್ಯಗಳೆಂದೊಡನೆ ಹೊರದೇಶಗಳ ಬೃಹತ್ ಕಾರ್ಖಾನೆಗಳೇ ನಮ್ಮ ನೆನಪಿಗೆ ಬರುತ್ತವೆ. ಆದರೆ ಸಣ್ಣ ಉದ್ಯಮಿಯೂ ಈ ಕ್ಷೇತ್ರದಲ್ಲಿ ನೆಲೆಯೂರಬಲ್ಲನೆಂಬುದಕ್ಕೆ ಬೆಂಗಳೂರೇ ಸಾಕ್ಷಿ. ಎಂಜಿನಿಯರರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ವಿದ್ಯುನ್ಮಾನ ಶ್ರುತಿಪೆಟ್ಟಿಗೆಯನ್ನು ರೂಪಿಸಿದ್ದು ಇದೇ ನಗರದಲ್ಲಿ.

ಇಂದು ಇಂಥದೇ ಅವಕಾಶವೊಂದು ಸಿಂಥೆಸೈಜರ್ ಮಾಡ್ಯೂಲ್‌ಗಳ ರೂಪದಲ್ಲಿ ನಮ್ಮ ಮುಂದಿದೆ. ಸ್ವರವನ್ನು ಹುಟ್ಟಿಸುವ ಆಸಿಲೇಟರ್, ಅದರ ಗುಣವನ್ನು ಮಾರ್ಪಡಿಸುವ ಫಿಲ್ಟರ್, ಏರಿಳಿತವನ್ನು ನಿಯಂತ್ರಿಸುವ ಆಂಪ್ಲಿಫೈಯರ್ ಇವುಗಳನ್ನು ಬಿಡಿಬಿಡಿಯಾಗಿ ಕೊಂಡು, ತಂತಿಗಳಿಂದ ಜೋಡಿಸಿ ನುಡಿಸುವ ಪದ್ಧತಿಯಿದು. 1990ರ ದಶಕದ ಮಧ್ಯದಲ್ಲಿ ಜರ್ಮನಿಯ ಡೀಟರ್ ಡೋಪ್‌ಫರ್ ಅವರು ತಮ್ಮ ಎ-100 ಮಾಲಿಕೆಯ ಅಳತೆ ಹಾಗೂ ವಿದ್ಯುತ್ ಸಂಪರ್ಕದ ವಿವರಗಳನ್ನು ಬಹಿರಂಗವಾಗಿ ಪ್ರಕಟಿಸಿದ್ದರಿಂದ, ಅದೇ 'ಯೂರೋರ್‍ಯಾಕ್' ಎಂಬ ಸಾಮಾನ್ಯ ಮಾನದಂಡವಾಯಿತು. ಮನೆಯ ಮೇಜಿನ ಮೇಲೆ ಕೆಲಸ ಮಾಡುವ ಸಣ್ಣ ತಯಾರಕರೂ ಇದರಿಂದ ಮಾರುಕಟ್ಟೆ ಪ್ರವೇಶಿಸಿದರು. ಬರಿಯ ಬೋರ್ಡು ಮತ್ತು ಬಿಡಿಭಾಗಗಳ ಪೊಟ್ಟಣವನ್ನು ಕಿಟ್ ಎಂದು ಮಾರುವುದೂ ಉಂಟು. ಬೆಸುಗೆಯ ಕೆಲಸ ಗ್ರಾಹಕನದು.

ಬೋರ್ಡು ಜೋಡಣೆಯ ಸಣ್ಣ ಘಟಕವನ್ನು ನಡೆಸುತ್ತಿರುವ ನಾನೂ ಕೆಲವು ವರ್ಷಗಳ ಹಿಂದೆ ಇಂಥದೊಂದು ಆಸಿಲೇಟರ್ ಕಿಟ್ ತರಿಸಿ ಬೆಸೆದೆ. ಅದು ಸ್ವರವನ್ನೇ ಹೊರಡಿಸಲಿಲ್ಲ. ಜೊತೆಯಲ್ಲಿ ಬಿಡಿಭಾಗಗಳ ಪಟ್ಟಿಯಿತ್ತೇ ಹೊರತು ಸರ್ಕ್ಯೂಟ್ ನಕ್ಷೆಯಿರಲಿಲ್ಲ. ತಯಾರಕರಿಗೆ ಬರೆದಾಗ 'ಬೆಸುಗೆಯನ್ನು ಪರೀಕ್ಷಿಸಿ' ಎಂಬ ಒಂದು ಸಾಲಿನ ಉತ್ತರ ಬಂದಿತು. ನಾಲ್ಕು ಸಂಜೆಗಳು ಕಳೆದ ಮೇಲೆ ಕಾರಣ ಸಿಕ್ಕಿತು: ಕಂದು-ಕಪ್ಪು-ಕಿತ್ತಳೆ ಪಟ್ಟಿಗಳ 10 ಕಿಲೋ ಓಮ್ ರೆಸಿಸ್ಟರ್ ಇರಬೇಕಾದಲ್ಲಿ ನಾನು ಕಂದು-ಕಪ್ಪು-ಕೆಂಪಿನ 1 ಕಿಲೋ ಓಮ್‌ನದನ್ನು ಕೂರಿಸಿದ್ದೆ. ತಪ್ಪು ನನ್ನದೇ. ಆದರೂ ಆ ತಯಾರಕರಿಂದ ಎರಡನೆಯ ಕಿಟ್ ನಾನು ಕೊಳ್ಳಲಿಲ್ಲ. ವ್ಯಾಪಾರದ ದೃಷ್ಟಿಯಿಂದ ಗಮನಿಸಬೇಕಾದ ಸಂಗತಿ ಇದೇ.

ದೋಷ ಪತ್ತೆ ಒಂದು ಕ್ರಮಬದ್ಧ ವಿದ್ಯೆ. ವಿದ್ಯುತ್ ಕೊಡುವ ಮುನ್ನ +12 ಮತ್ತು -12 ವೋಲ್ಟ್ ಗೆರೆಗಳು ನೆಲಗೆರೆಯೊಡನೆ ಕೂಡಿಕೊಂಡಿಲ್ಲವೆಂದು ಮಲ್ಟಿಮೀಟರಿನಿಂದ ಖಚಿತಪಡಿಸಿಕೊಳ್ಳಬೇಕು. ಭೂತಗನ್ನಡಿಯಲ್ಲಿ ಬೆಸುಗೆಗಳನ್ನೂ, ಡಯೋಡ್ ಮತ್ತು ಕೆಪಾಸಿಟರ್‌ಗಳ ದಿಕ್ಕನ್ನೂ ನೋಡಬೇಕು. ಐ.ಸಿ.ಗಳನ್ನು ಕೂರಿಸದೆಯೇ ವಿದ್ಯುತ್ ಕೊಟ್ಟು ಸಾಕೆಟ್ಟಿನಲ್ಲಿ ವೋಲ್ಟೇಜ್ ಅಳೆಯಬೇಕು, ಟಿ.ಎಲ್.074 ಆದರೆ 4ನೆಯ ಕಾಲಿನಲ್ಲಿ ಧನ, 11ನೆಯ ಕಾಲಿನಲ್ಲಿ ಋಣ ದೊರೆಯಬೇಕು. ಅನಂತರವೇ ಸಂಕೇತವನ್ನು ಹಂತಹಂತವಾಗಿ ಹಿಂಬಾಲಿಸಬೇಕು. ಸ್ವರ ಬಂದರೂ ಶ್ರುತಿ ಸೇರದಿದ್ದರೆ ಅದೆಲ್ಲವೂ ದೋಷವಲ್ಲ. ಒಂದು ಸ್ಥಾಯಿಗೆ ಒಂದು ವೋಲ್ಟ್ ಎಂಬ ಲೆಕ್ಕದಲ್ಲಿ ಅರ್ಧಸ್ವರಕ್ಕೆ ಸಿಗುವುದು ಸುಮಾರು 83 ಮಿಲಿವೋಲ್ಟ್ ಮಾತ್ರ. ಬಿಸಿಯೇರುವಾಗ ಟ್ರಾನ್ಸಿಸ್ಟರ್‌ಗಳ ವರ್ತನೆ ಬದಲಾಗುವುದರಿಂದ, ಉಪಕರಣ ಅರ್ಧ ಗಂಟೆ ಕಾಯ್ದ ಮೇಲೆಯೇ ಶ್ರುತಿ ಮಾಡುವುದು ವಿಹಿತ.

ಇಷ್ಟನ್ನು ಮುದ್ರಿಸಿಕೊಡಲು ಒಂದೆರಡು ಪುಟ ಸಾಕು. ನಕ್ಷೆ, ಆಯ್ದ ಪರೀಕ್ಷಾ ಬಿಂದುಗಳಲ್ಲಿರಬೇಕಾದ ವೋಲ್ಟೇಜ್, ಸಾಮಾನ್ಯ ತಪ್ಪುಗಳ ಪಟ್ಟಿ ಇವು ಕಿಟ್ಟಿನೊಡನೆ ಹೋಗಲಿ. ರಿಬ್ಬನ್ ಕೇಬಲ್ಲಿನ ಕೆಂಪು ಗೆರೆ -12 ವೋಲ್ಟಿನ ಕಡೆಗಿರಬೇಕೆಂಬ ಗುರುತು ಬೋರ್ಡಿನ ಮೇಲೇ ಅಚ್ಚಾಗಿರಲಿ. ಕೇಬಲ್ ತಿರುಗುಮುರುಗಾದರೂ ಐ.ಸಿ.ಗಳು ಸುಡದಂತೆ ತಡೆಯಲು ಎರಡು ಡಯೋಡ್‌ಗಳು ಸಾಕು. ಕೆಲವೇ ರೂಪಾಯಿಗಳ ಈ ಭಾಗವನ್ನು ಉಳಿಸಲು ಹೋಗಿ ಗ್ರಾಹಕನನ್ನು ಕಳೆದುಕೊಳ್ಳುವುದು ಜಾಣತನವಲ್ಲ.

ನಕ್ಷೆ ಕೊಟ್ಟರೆ ನಕಲು ಮಾಡುವವರಿಗೆ ಬಾಗಿಲು ತೆರೆದಂತೆ ಎಂಬ ಆಕ್ಷೇಪವನ್ನು ಅಲ್ಲಗಳೆಯಲಾಗದು. ಆದರೆ ನಕಲುಗಾರನು ಬೋರ್ಡನ್ನು ನೋಡಿಯೇ ನಕ್ಷೆ ಬರೆದುಕೊಳ್ಳಬಲ್ಲ. ನಕ್ಷೆಯಿಲ್ಲದೆ ಕಂಗೆಡುವವನು ಪ್ರಾಮಾಣಿಕ ಗ್ರಾಹಕ ಮಾತ್ರ. ಫ್ರಾನ್ಸಿನ ಎಮಿಲಿ ಜಿಲೆ ಅವರು ತಮ್ಮ ಮ್ಯೂಟಬಲ್ ಇನ್ಸ್‌ಟ್ರುಮೆಂಟ್ಸ್ ಸಂಸ್ಥೆಯ ಅನೇಕ ಮಾಡ್ಯೂಲ್‌ಗಳ ವಿನ್ಯಾಸವನ್ನು ಮುಕ್ತವಾಗಿ ಪ್ರಕಟಿಸಿದರು. ಅವುಗಳ ನಕಲುಗಳೂ ಬಂದವು. ಆದರೂ ಸಂಸ್ಥೆಯ ಹೆಸರು ಮಾಸಲಿಲ್ಲ. 2022ರಲ್ಲಿ ಸಂಸ್ಥೆ ಮುಚ್ಚಿದ ಮೇಲೂ ಆ ಮಾಡ್ಯೂಲ್‌ಗಳನ್ನು ದುರಸ್ತಿ ಮಾಡುವ ದಾರಿ ಕೊಂಡವರಿಗೆ ತೆರೆದೇ ಇದೆ. ಅದೇ ವರ್ಷ ನಮ್ಮ ಕೇಂದ್ರ ಸರ್ಕಾರವೂ 'ದುರಸ್ತಿಯ ಹಕ್ಕು' ಕುರಿತ ಜಾಲತಾಣವನ್ನು ಆರಂಭಿಸಿತೆಂಬುದನ್ನು ಉದ್ಯಮಿಗಳು ಮರೆಯಬಾರದು.

ಬಿಡಿಭಾಗಗಳಿಗೆ ಎಸ್.ಪಿ. ರಸ್ತೆಯಿದೆ, ಬೆಸೆಯಲು ನುರಿತ ಕೈಗಳಿವೆ. ಕೊರತೆಯಿರುವುದು ಕೆಟ್ಟದ್ದನ್ನು ಓದಬಲ್ಲವರದು. ನಮ್ಮ ಸಂಸ್ಥೆಯು ಪಾಲಿಟೆಕ್ನಿಕ್ ಮತ್ತು ಐ.ಟಿ.ಐ.ಗಳ ಸಹಯೋಗದಲ್ಲಿ ದೋಷ ಪತ್ತೆಯ ಅಲ್ಪಾವಧಿ ತರಬೇತಿಯನ್ನು ಏರ್ಪಡಿಸಲಿ. ಪ್ರತಿಯೊಂದು ಘಟಕವೂ ಹಿಂದಿರುಗಿ ಬಂದ ಸರಕಿನ ದೋಷಗಳನ್ನು ದಾಖಲಿಸುವ ಒಂದು ಪುಸ್ತಕವನ್ನಿಡಲಿ. ಮುಂದಿನ ವಿನ್ಯಾಸವನ್ನು ತಿದ್ದಲು ಅದಕ್ಕಿಂತ ಉತ್ತಮ ಸಲಹೆಗಾರನಿಲ್ಲ. ಸದಸ್ಯರು ಈ ನಿಟ್ಟಿನಲ್ಲಿ ಚಿಂತನೆ ನಡೆಸುವರೆಂದು ಆಶಿಸುತ್ತೇನೆ.