ಲಾರಿಯ ಕ್ಯಾಬಿನ್ ಬದಲಿಸುವ ಮುನ್ನ



ಹಳೆಯ ಲಾರಿಯೊಂದನ್ನು ಕೊಂಡು, ತಮ್ಮ ಬೆಳೆಯ ಜೊತೆಗೆ ನೆರೆಹೊರೆಯವರ ಕಬ್ಬು, ಈರುಳ್ಳಿ, ಟೊಮೆಟೊಗಳನ್ನೂ ಸಾಗಿಸಿ ನಾಲ್ಕು ಕಾಸು ಕಾಣುವ ರೈತರು ಇಂದು ನಮ್ಮ ಹಳ್ಳಿಗಳಲ್ಲಿ ಕಡಿಮೆಯೇನಿಲ್ಲ. ಇದು ಸಂತೋಷದ ಸಂಗತಿ. ಆದರೆ ಲಾರಿ ಮರಕ್ಕೆ ಗುದ್ದಿ ಮುಂಭಾಗ ನುಜ್ಜುಗುಜ್ಜಾದರೆ, ಇಲ್ಲವೇ ಕ್ಯಾಬಿನ್ ತುಕ್ಕು ಹಿಡಿದು ಉದುರತೊಡಗಿದರೆ ನಾವು ಮಾಡುವುದೇನು? ಗುಜರಿಯಲ್ಲಿ ಇನ್ನೊಂದು ಲಾರಿಯ ಕ್ಯಾಬಿನ್ ಹುಡುಕಿ, ಗ್ಯಾರೇಜಿನಲ್ಲಿ ಕೂಡಿಸಿ, ಬಣ್ಣ ಹೊಡೆಸಿ ಮರುವಾರವೇ ಬಾಡಿಗೆಗೆ ಬಿಡುತ್ತೇವೆ. ಆರ್.ಸಿ. ಪುಸ್ತಕದ ನೆನಪಾಗುವುದು ರಸ್ತೆಯಲ್ಲಿ ಅಧಿಕಾರಿ ಕೈ ಅಡ್ಡ ಹಿಡಿದಾಗಲೇ. ಒಳಗೆ ಟೊಮೆಟೊ ಇದ್ದರೆ, ಲಾರಿಯೂ ನಿಂತಿತು, ಮಾಲೂ ಕೊಳೆಯಿತು.

ಹೊಲಕ್ಕೆ ಸರ್ವೆ ನಂಬರು ಹೇಗೋ ಲಾರಿಗೆ ಚಾಸಿ ನಂಬರು ಹಾಗೆ. ಅದು ಕೆಳಗಿನ ಕಬ್ಬಿಣದ ಚೌಕಟ್ಟಿನ ಮೇಲೆ ಕೊರೆದಿರುತ್ತದೆ. ಕಾನೂನಿನ ಕಣ್ಣಿಗೆ ಅದೇ ನಿಮ್ಮ ಲಾರಿ. ಹೀಗಾಗಿ ಕ್ಯಾಬಿನ್ ಬದಲಾದ ಮಾತ್ರಕ್ಕೆ ಲಾರಿ ಬೇರೆಯಾಗುವುದಿಲ್ಲ. ಆದರೆ ಕ್ಯಾಬಿನ್ನಿನ ಒಳಗೂ ತಯಾರಕರು ನಂಬರಿನ ತಗಡು ಬಡಿದಿರುವುದುಂಟು. ಗುಜರಿಯಿಂದ ತಂದ ಕ್ಯಾಬಿನ್ನಿನಲ್ಲಿ ಬೇರೊಂದು ಲಾರಿಯ ತಗಡು ಹಾಗೆಯೇ ಉಳಿದಿದ್ದರೆ, ಎರಡು ನಂಬರು ಕಂಡವರಿಗೆ ಕಳವಿನ ಸಂಶಯ ಬರುವುದು ಸಹಜ. ಪಹಣಿಯಲ್ಲಿ ಒಂದು ಬೆಳೆ, ಹೊಲದಲ್ಲಿ ಇನ್ನೊಂದು ಬೆಳೆ ಇದ್ದಾಗ ಪಡುವ ಪಾಡು ನಿಮಗೆ ಗೊತ್ತೇ ಇದೆ. ಇದೂ ಅಂಥದೇ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೂ ಆರ್.ಸಿ.ಯಲ್ಲಿನ ವಿವರಗಳಿಗೂ ವ್ಯತ್ಯಾಸ ಬೀಳುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಟಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ ಆಗಬಹುದು.

ಹಾಗೆಂದು ಹೆದರಬೇಕಾಗಿಲ್ಲ. ವಾಹನದ ಮೂಲ ಲಕ್ಷಣವನ್ನೇ ಬದಲಿಸುವ ಕೆಲಸವನ್ನು ಮಾತ್ರ ಕಾಯ್ದೆಯು ಮಾರ್ಪಾಟು ಎನ್ನುತ್ತದೆ. ಅದೇ ಮಾದರಿಯ, ಅದೇ ಅಳತೆಯ, ಅದೇ ಬಣ್ಣದ ಕ್ಯಾಬಿನ್ ಕೂಡಿಸಿದರೆ ಅದು ದುರಸ್ತಿ. ಗಿಡ್ಡ ಕ್ಯಾಬಿನ್ ತೆಗೆದು ಮಲಗುವ ಜಾಗವಿರುವ ಉದ್ದನೆಯದನ್ನು ಕೂಡಿಸುವುದು, ಬೇರೆ ಕಂಪನಿಯದನ್ನು ಹೊಂದಿಸುವುದು ದುರಸ್ತಿಯಲ್ಲ. ಅದರಿಂದ ಖಾಲಿ ಲಾರಿಯ ತೂಕ ಹೆಚ್ಚಬಹುದು. ಲಾರಿಗೆ ಗೊತ್ತುಪಡಿಸಿದ ಒಟ್ಟು ತೂಕವಂತೂ ಅಷ್ಟೇ ಇರುತ್ತದೆ. ಆದುದರಿಂದ ಕ್ಯಾಬಿನ್ ಭಾರ ಹೆಚ್ಚಿದಷ್ಟೂ ನೀವು ಹೇರಬಹುದಾದ ಮಾಲು ಕಡಿಮೆಯಾಗುತ್ತದೆ. ಇದನ್ನರಿಯದೆ ಮೊದಲಿನಷ್ಟೇ ಹೇರಿದರೆ ಹೆಚ್ಚು ಭಾರದ ದಂಡಕ್ಕೂ ಗುರಿಯಾಗುತ್ತೀರಿ. ಕಾಯ್ದೆಯಲ್ಲಿ ಅದಕ್ಕೆ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ ಮತ್ತೆ 2,000 ರೂಪಾಯಿ ಎಂದಿದೆ.

ಆದುದರಿಂದ ಈ ಕೆಲವು ಮಾತುಗಳನ್ನು ಗಮನದಲ್ಲಿಡಿ. ಅಪಘಾತವಾಗಿದ್ದರೆ ಪೊಲೀಸರ ಮಹಜರು, ಬ್ರೇಕ್ ಇನ್‌ಸ್ಪೆಕ್ಟರರ ತಪಾಸಣೆ, ವಿಮಾ ಸರ್ವೇಯರರ ಭೇಟಿ ಮುಗಿಯುವವರೆಗೆ ಒಂದು ಬೋಲ್ಟನ್ನೂ ಬಿಚ್ಚಿಸಬೇಡಿ. ಹಳೆಯ ಕ್ಯಾಬಿನ್ ಕೊಳ್ಳುವಾಗ ಬಿಲ್ಲು ಪಡೆಯಿರಿ. ಅದು ಯಾವ ಲಾರಿಯದು, ಅದರ ನೋಂದಣಿ ರದ್ದಾಗಿದೆಯೇ ಎಂದು ಕೇಳಿ ಬರೆಸಿಕೊಳ್ಳಿ. ಬಿಲ್ಲು ಕೊಡದವನ ಮಾಲು ಎಷ್ಟು ಅಗ್ಗವಾದರೂ ಬೇಡ. ಲಾರಿಯ ಮೇಲೆ ಸಾಲದ ಕಂತು ಉಳಿದಿದ್ದರೆ ಫೈನಾನ್ಸಿನವರ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. ಮಾದರಿಯಾಗಲಿ, ಬಣ್ಣವಾಗಲಿ, ತೂಕವಾಗಲಿ ಬದಲಾಗುವುದಿದ್ದರೆ ಮೊದಲೇ ಆರ್‌ಟಿಓ ಕಚೇರಿಗೆ ಅರ್ಜಿ ಕೊಡಿ. ಅನುಮತಿ ಸಿಕ್ಕಿಯೇ ಸಿಗುತ್ತದೆಂದು ಭಾವಿಸಿ ಮುಂಗಡ ಕೊಡಬೇಡಿ. ಅನುಮತಿಯಿಲ್ಲದೆ ಕೆಲಸ ಆಗಿಹೋಗಿದ್ದರೆ 14 ದಿನಗಳೊಳಗೆ ವರದಿ ಮಾಡಿ ಆರ್.ಸಿ. ಒಪ್ಪಿಸಬೇಕೆಂದು ಕಾಯ್ದೆ ಹೇಳುತ್ತದೆ. ಮುಚ್ಚಿಟ್ಟರೆ ಮುಂದಿನ ಎಫ್.ಸಿ.ಯಲ್ಲಿ ಅದು ಬಯಲಾಗದೆ ಇರದು. ಎಲ್ಲಕ್ಕಿಂತ ಮುಖ್ಯವಾಗಿ, ಚಾಸಿಯ ಮೇಲಿನ ನಂಬರನ್ನು ಉಜ್ಜಲು, ಮತ್ತೆ ಕೊರೆಯಲು ಯಾವ ಗ್ಯಾರೇಜಿನವನಿಗೂ ಬಿಡಬೇಡಿ.

ವಿಮಾ ಕಂಪನಿಗೂ ಒಂದು ಕಾಗದ ಬರೆದು ಸ್ವೀಕೃತಿ ಪಡೆಯಿರಿ. ನಾಳೆ ಲಾರಿ ಯಾರಿಗಾದರೂ ಬಡಿದರೆ, ಕಾಗದದಲ್ಲಿರುವ ಲಾರಿಯೇ ಬೇರೆ ಎಂದು ಕಂಪನಿ ತಕರಾರು ತೆಗೆಯಲು ಎಡೆಯಾಗಬಾರದು. ಪರಿಹಾರದ ಹೊರೆ ನಿಮ್ಮ ತಲೆಗೆ ಬಂದರೆ ಹೋಗುವುದು ಲಾರಿಯೊಂದೇ ಅಲ್ಲ, ಹೊಲವೂ ಹೋದೀತು.

ಸರ್ಕಾರಕ್ಕೂ ಒಂದು ಮಾತು. ಯಾವ ಕ್ಯಾಬಿನ್ ದುರಸ್ತಿ, ಯಾವುದು ಮಾರ್ಪಾಟು, ಯಾವ ಕಾಗದ ಬೇಕು, ಶುಲ್ಕವೆಷ್ಟು ಎಂಬುದನ್ನು ಸರಳ ಕನ್ನಡದಲ್ಲಿ ಬರೆದು ಪ್ರತಿ ಆರ್‌ಟಿಓ ಕಚೇರಿಯ ಬಾಗಿಲಲ್ಲಿ ಹಲಗೆ ಹಾಕಬೇಕು. ತಿಳಿಯದವನಿಗೆ ದಂಡ ಹಾಕುವುದಕ್ಕಿಂತ ತಿಳಿಸಿ ಹೇಳುವುದು ಮೇಲು. ಹಾಗಾದರೆ ದಲ್ಲಾಳಿಗಳ ಹಾವಳಿಯೂ ತಗ್ಗುತ್ತದೆ.

ಬೆಂಕಿ ಬಿದ್ದ ಮೇಲೆ ಬಾವಿ ತೋಡಿ ಫಲವಿಲ್ಲ. ಗ್ಯಾಸ್ ಕಟ್ಟರಿಗೆ ಕೆಲಸ ಕೊಡುವ ಮೊದಲು ಆರ್.ಸಿ. ಪುಸ್ತಕವನ್ನೊಮ್ಮೆ ತೆರೆದು ನೋಡಿ. ಓದು ಬಾರದ ನೆರೆಯವರಿಗೂ ಇದನ್ನು ಓದಿ ಹೇಳಿ.