ಹೆಸರು ನೋಡಿ ಮೌತ್‌ಪೀಸ್ ಕೊಳ್ಳಬೇಡಿ

ಬ್ಯಾಂಡ್‌ನಲ್ಲಿ ಅತಿ ಕೆಳಗಿನ ಸ್ವರ ನುಡಿಸುವ ಹಿತ್ತಾಳೆ ವಾದ್ಯ ಟ್ಯೂಬಾ. ಅದನ್ನು ಕಲಿಯಲು ಹೊರಟವರು ಮೊದಲು ಕೇಳುವುದು, 'ದೊಡ್ಡ ಕಲಾವಿದರು ಯಾವ ಮೌತ್‌ಪೀಸ್ ಬಳಸುತ್ತಾರೆ?' ಎಂದು. ನನ್ನ ಪ್ರಕಾರ ಈ ಪ್ರಶ್ನೆಯೇ ಸರಿಯಿಲ್ಲ. ಅಮೆರಿಕದ ಸೂಸಾ ಬ್ಯಾಂಡ್‌ನಲ್ಲಿದ್ದ ಆಗಸ್ಟ್ ಹೆಲ್ಲೆಬರ್ಗ್ ಹೆಸರಿನ ಮೌತ್‌ಪೀಸ್ ಇಂದಿಗೂ ಪ್ರಸಿದ್ಧ. ಆದರೆ ಆಲಿಕೆಯಂಥ ಅದರ ಆಳವಾದ ಬಟ್ಟಲು ನಿಮ್ಮ ಉಸಿರಿಗೆ ಒಗ್ಗಲೇಬೇಕೆಂದಿಲ್ಲ. ಒಗ್ಗದಿದ್ದರೆ ಕಲಿಯುವವರು 'ಇದು ನನ್ನ ಕೈಲಾಗದು' ಎಂದು ವಾದ್ಯವನ್ನೇ ಬಿಟ್ಟುಬಿಡುತ್ತಾರೆ.

ಎಂಜಿನಿಯರಿಂಗ್ ಓದುವ ನನಗೆ ಇದು ಅಳತೆಯ ವಿಷಯ. ವಾದ್ಯದೊಳಗೆ ಕೂರುವ ಶ್ಯಾಂಕ್‌ನಲ್ಲಿ ಅಮೆರಿಕನ್, ಯುರೋಪಿಯನ್ ಅಳತೆಗಳು ಬೇರೆ ಬೇರೆ. ಅದು ಅಲುಗಾಡಿದರೆ ಉಳಿದದ್ದೆಲ್ಲ ವ್ಯರ್ಥ. ಬಟ್ಟಲು ಆಳವಿದ್ದರೆ ದನಿ ಗಂಭೀರ, ಆಳ ಕಡಿಮೆಯಿದ್ದರೆ ಚುರುಕು. ಬಟ್ಟಲಿನ ಅಗಲ ಸಾಮಾನ್ಯವಾಗಿ 32–33 ಮಿ.ಮೀ. ಆಸುಪಾಸು, ಅರ್ಧ ಮಿ.ಮೀ. ವ್ಯತ್ಯಾಸವೂ ತುಟಿಗೆ ತಿಳಿಯುತ್ತದೆ.

ಹಾಗಾಗಿ ಎರಡು ಮೂರನ್ನು ಎರವಲು ಪಡೆದು, ಎಲ್ಲದರಲ್ಲೂ ಒಂದೇ ಪಾಠ ನುಡಿಸಿ. ಗೆಳೆಯರೊಬ್ಬರು ದೂರದಲ್ಲಿ ಬೆನ್ನು ತಿರುಗಿಸಿ ನಿಂತು ಕೇಳಲಿ. ನುಡಿಸುವವರಿಗೆ ಕೇಳುವುದೇ ಬೇರೆ, ಎದುರಿಗಿರುವವರಿಗೆ ಕೇಳುವುದೇ ಬೇರೆ. ಪಾಕೆಟ್ ಮನಿ ಕೂಡಿಟ್ಟು ಕೊಳ್ಳುವ ನಮಗೆ ಬ್ರ್ಯಾಂಡ್ ಮೋಹ ದುಬಾರಿ. ಕೆಳಗಿನ ಸ್ವರ ಸಲೀಸಾಗಿ ಬಂದು, ಅರ್ಧ ಗಂಟೆ ನುಡಿಸಿದರೂ ತುಟಿ ಸೋಲದಿದ್ದರೆ, ಅದೇ ನಿಮ್ಮ ಮೌತ್‌ಪೀಸ್.