ಹನ್ನೆರಡು ಸಾಲಿಗೆ ಹದಿನಾಲ್ಕು ತಪ್ಪು!

ಸಿ ಭಾಷೆ ಕಲಿಯುವವರಿಗೆ ಈ ಅನುಭವ ಹೊಸತಲ್ಲ. ಬರೆದದ್ದು 12 ಸಾಲಿನ ಪ್ರೋಗ್ರಾಂ. ಕಂಪೈಲರ್ ಪಟ್ಟಿ ಮಾಡಿದ್ದು 14 ತಪ್ಪು. ‘ಇದು ನನ್ನ ತಲೆಗೆ ಹತ್ತುವುದಿಲ್ಲ’ ಎಂದು ವಿದ್ಯಾರ್ಥಿ ಕೈಚೆಲ್ಲಿ ಕೂರುತ್ತಾನೆ. ಆದರೆ ಅಲ್ಲಿರುವುದು ಒಂದೇ ತಪ್ಪಿರಬಹುದು.

1972ರ ಸುಮಾರಿಗೆ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿ ರೂಪಿಸಿದ ಈ ಭಾಷೆಯಲ್ಲಿ ಸಾಲು ಮುಗಿದ ಮಾತ್ರಕ್ಕೆ ವಾಕ್ಯ ಮುಗಿಯುವುದಿಲ್ಲ, ಸೆಮಿಕೋಲನ್ ಬೇಕು. ಏಳನೆಯ ಸಾಲಿನಲ್ಲಿ ಅದನ್ನು ಮರೆತರೆ ಕಂಪೈಲರ್ ಹುಡುಕುತ್ತಾ ಎಂಟನೆಯ ಸಾಲಿಗೆ ಬರುತ್ತದೆ. ಟರ್ಬೊ ಸಿಯಂಥ ಹಳೆಯ ಕಂಪೈಲರ್ ‘ತಪ್ಪು ಎಂಟರಲ್ಲಿ’ ಎಂದೇ ಹೇಳುತ್ತದೆ. ಮುಚ್ಚುವ ಬ್ರಾಕೆಟ್ ‘}’ ಒಂದು ಹೆಚ್ಚಾದರಂತೂ ಕೆಳಗಿನ ಸರಿಯಾದ ಸಾಲುಗಳೂ ತಪ್ಪೆನಿಸಿಕೊಳ್ಳುತ್ತವೆ.

ಆದ್ದರಿಂದ ಮೊದಲ ತಪ್ಪನ್ನು ಮಾತ್ರ ತಿದ್ದಿ, ಮತ್ತೆ ಕಂಪೈಲ್ ಮಾಡಿ. ತೋರಿಸಿದ ಸಾಲು ಸರಿಯಿದ್ದರೆ ಅದರ ಮೇಲಿನ ಸಾಲನ್ನು ನೋಡಿ.

ಕಂಪೈಲರ್ ಒಪ್ಪಿದ ಪ್ರೋಗ್ರಾಂ ಓಡುವಾಗ ತಟಕ್ಕನೆ ನಿಂತರೆ? ‘ಸ್ಕ್ಯಾನ್‌ಎಫ್’ನಲ್ಲಿ ಚರದ ಹಿಂದೆ ‘&’ ಗುರುತು ಬಿಟ್ಟಿದ್ದೀರಾ ನೋಡಿ. ಅದಿಲ್ಲದಿದ್ದರೆ ಚರದೊಳಗಿನ ಯಾವುದೋ ಸಂಖ್ಯೆಯನ್ನೇ ವಿಳಾಸವೆಂದು ತಿಳಿದು ಪ್ರೋಗ್ರಾಂ ಅಲ್ಲಿಗೆ ಬರೆಯಲು ಹೊರಡುತ್ತದೆ. ಹತ್ತು ಮನೆಗಳ ಅರೇಯಲ್ಲಿ ಎಣಿಕೆ 0ಯಿಂದ 9ರವರೆಗೆ. 10ನೆಯದಕ್ಕೆ ಕೈಹಾಕಿದರೆ ಅದು ಪರರ ಜಾಗ. ಇಂಥ ಅತಿಕ್ರಮಣವನ್ನು ಕಂಡಾಗ ಆಪರೇಟಿಂಗ್ ಸಿಸ್ಟಂ ‘ಸೆಗ್‌ಮೆಂಟೇಶನ್ ಫಾಲ್ಟ್’ ಎಂದು ಪ್ರೋಗ್ರಾಂ ನಿಲ್ಲಿಸಿಬಿಡುತ್ತದೆ. ನಿಂತ ಜಾಗ ಹಿಡಿಯಲು ನಡುನಡುವೆ ‘ಇಲ್ಲಿಗೆ ಬಂದೆ 1’, ‘ಇಲ್ಲಿಗೆ ಬಂದೆ 2’ ಎಂದು ಮುದ್ರಿಸಿ. ಪ್ರತಿ ಸಂದೇಶದ ಕೊನೆಗೆ ಹೊಸ ಸಾಲಿನ ಗುರುತು ಇರಲಿ. ಇಲ್ಲವಾದರೆ ಸಂದೇಶ ಪರದೆಗೆ ಬರುವ ಮೊದಲೇ ಪ್ರೋಗ್ರಾಂ ಸತ್ತಿರುತ್ತದೆ.

ಎಲ್ಲಕ್ಕಿಂತ ಅಪಾಯದ್ದು ಸದ್ದಿಲ್ಲದ ತಪ್ಪು. 13ರ ಫ್ಯಾಕ್ಟೋರಿಯಲ್ 622 ಕೋಟಿಗೂ ಹೆಚ್ಚು. 32 ಬಿಟ್‌ನ ‘ಇಂಟ್’ ಹಿಡಿಯುವುದು ಸುಮಾರು 214 ಕೋಟಿಯವರೆಗೆ ಮಾತ್ರ. ಪರದೆಯ ಮೇಲೆ ಸಾಮಾನ್ಯವಾಗಿ 1932053504 ಎಂಬ ಉತ್ತರ ಬರುತ್ತದೆ. ದೂರು ಮಾತ್ರ ಒಂದೂ ಇಲ್ಲ. ಕೈಲೆಕ್ಕ ಮಾಡಿ ನೋಡಿದವರಿಗಷ್ಟೇ ಮೋಸ ಗೊತ್ತಾಗುತ್ತದೆ. ಅದಕ್ಕೆ ಹೋಲಿಸಿದರೆ 14 ತಪ್ಪು ತೋರಿಸಿದ ಕಂಪೈಲರ್ ಒಳ್ಳೆಯ ಮೇಷ್ಟರೇ ಸರಿ.

ತಂದೆತಾಯಿಯರಿಗೆ ಒಂದು ಮಾತು. ಪ್ರಾಯೋಗಿಕ ಪರೀಕ್ಷೆಗೆಂದು ಮಕ್ಕಳು ಪ್ರೋಗ್ರಾಂಗಳನ್ನು ಬಾಯಿಪಾಠ ಮಾಡುವುದುಂಟು. ಆ ದಿನ ಒಂದು ಸೆಮಿಕೋಲನ್ ಕೈಕೊಟ್ಟರೆ ಬಾಯಿಪಾಠ ನೆರವಿಗೆ ಬಾರದು. ‘ಎಷ್ಟು ಪ್ರೋಗ್ರಾಂ ಮುಗಿಯಿತು?’ ಎನ್ನುವ ಬದಲು ‘ಇವತ್ತು ಯಾವ ತಪ್ಪು ಹಿಡಿದೆ?’ ಎಂದು ಕೇಳಿ. ಇದನ್ನು ಕೇಳಲು ನಿಮಗೆ ಕಂಪ್ಯೂಟರ್ ಗೊತ್ತಿರಬೇಕಾಗಿಲ್ಲ.